ಪಿತ್ತಕೋಶಕ್ಕೆ ಜಲ್ದಿ ಫೈವ್

ತಂಬೋಲಕ್ಕೂ ಪಿತ್ತಕೋಶಕ್ಕೂ ಏನು ಸಂಬಂಧ ಎಂದು ಕೇಳಿ ನೋಡಿ, ನಮ್ಮ ನರ್ಸಿಂಗ್ ಶಾಲೆಯ ಮೊದಲ ವರ್ಷದ ಮಕ್ಕಳು ತಡವರಿಸದೆ ಹೇಳುತ್ತಾರೆ: ಕೊಲಿಸಿಸ್ಟೆಕ್ಟಮಿ ಬಿದ್ದರೆ ಮೇಲಿನ ಸಾಲು ತುಂಬುತ್ತದೆ! ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ, ಗಣೇಶನ ಪೆಂಡಾಲಿನಲ್ಲಿ, ಹೆಂಗಸರ ಕಿಟಿ ಪಾರ್ಟಿಯಲ್ಲಿ ಆಡುವ ಅದೇ ಆಟ. ಒಂದರಿಂದ 90ರವರೆಗಿನ ಅಂಕಿಗಳ ಜಾಗದಲ್ಲಿ 90 ವೈದ್ಯಕೀಯ ಪದಗಳು, ಅಷ್ಟೇ ವ್ಯತ್ಯಾಸ. ಟಿಕೆಟ್ಟಿನಲ್ಲಿ ಮೂರು ಸಾಲು, ಸಾಲಿಗೆ ಐದು ಪದ. ಚೀಟಿ ಎತ್ತುವವಳು ಪದವನ್ನು ಕೂಗುವಂತಿಲ್ಲ, ಅದರ ಅರ್ಥವನ್ನು ಕೂಗಬೇಕು. ‘ಪಿತ್ತಕೋಶವನ್ನು ಕತ್ತರಿಸಿ ತೆಗೆಯುವುದು’ ಎಂದಳೆನ್ನಿ, ಉಳಿದವರು ತಮ್ಮ ಟಿಕೆಟ್ಟಿನಲ್ಲಿ ಹುಡುಕಿ ಹುಣಸೆಬೀಜ ಇಡಬೇಕು. ಟಿಕೆಟ್ಟುಗಳನ್ನು ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಗೀಟು ಹಾಕಿ ಮಾಡಿದ್ದೇವೆ. ಹಾಗಾಗಿ ಒಂದು ಮಗ್ಗುಲಲ್ಲಿ ವಧೂವರರಿಗೆ ಆಶೀರ್ವಾದ ಬೇಡುವ ಬಂಧುಮಿತ್ರರು, ಇನ್ನೊಂದು ಮಗ್ಗುಲಲ್ಲಿ ನೆಫ್ರೈಟಿಸ್, ಹೆಪಟೈಟಿಸ್, ಆರ್ಥ್ರೈಟಿಸ್. ಫುಲ್ ಹೌಸ್ ಆದವರಿಗೆ ಮಂಡಕ್ಕಿ ಮಿರ್ಚಿ. ದಾವಣಗೆರೆಯಲ್ಲಿದ್ದುಕೊಂಡು ಬೇರೆ ಬಹುಮಾನ ಕೊಡುವುದು ಊರಿಗೆ ಮಾಡುವ ಅವಮಾನ.

ಈ ಗಲಾಟೆ ಕೇಳಿ ಪಕ್ಕದ ತರಗತಿಯಿಂದ ಹಿರಿಯ ಸಹೋದ್ಯೋಗಿಯೊಬ್ಬರು ಬಾಗಿಲಿಗೆ ಬಂದು ನಿಂತು, ‘ಏನ್ರೀ ಮೇಡಂ, ಇದು ನರ್ಸಿಂಗ್ ಶಾಲೆಯೋ ಅಂಗನವಾಡಿಯೋ?’ ಎಂದು ಕೇಳುವುದುಂಟು. ಅಂಗನವಾಡಿಯಲ್ಲಿ ಮಕ್ಕಳು ಕಲಿಯುವ ವೇಗ ನಮ್ಮ ಯಾವ ಕಾಲೇಜಿನಲ್ಲೂ ಇಲ್ಲ ಎಂದು ಹೇಳುವ ಮನಸ್ಸಾಗುತ್ತದೆ. ಹಿರಿಯರು ಎಂದು ಸುಮ್ಮನಾಗುತ್ತೇನೆ.

ನಮ್ಮಲ್ಲಿಗೆ ಬರುವ ಮಕ್ಕಳನ್ನು ಒಮ್ಮೆ ನೋಡಬೇಕು. ಕೊಪ್ಪಳದ ಹಳ್ಳಿಯವರಿದ್ದಾರೆ, ಚಾಮರಾಜನಗರದ ಕಡೆಯವರಿದ್ದಾರೆ, ಕೇರಳದಿಂದ ಬಂದವರೂ ಇದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯ ಅಂಗರಚನಾಶಾಸ್ತ್ರದ ಪುಸ್ತಕ ತೆರೆದರೆ ಇಂಗ್ಲಿಷ್ ಸಾಲುಗಳ ನಡುವಿನ ತೆಳ್ಳನೆಯ ಜಾಗದಲ್ಲಿ ಪೆನ್ಸಿಲಿನಿಂದ ಇರುವೆಯಷ್ಟು ಸಣ್ಣ ಕನ್ನಡ ಅಕ್ಷರಗಳು ಕಾಣುತ್ತವೆ: ‘ಸ್ಟರ್ನೊ-ಕ್ಲೈಡೊ-ಮ್ಯಾಸ್ಟಾಯ್ಡ್.’ ಕೆಲವರು ಇದನ್ನು ಕಂಡರೆ ಬೈಯುತ್ತಾರೆ. ನನಗಂತೂ ಅದು ಬಹಳ ಶಿಸ್ತಿನ ಕೆಲಸ ಎನ್ನಿಸುತ್ತದೆ. ನ್ಯುಮೋನಿಯಾದ ಮುಂದೆ ಸುಮ್ಮನೆ ಕೂತಿರುವ ‘ಪಿ’ ಅಕ್ಷರವನ್ನು ಕನ್ನಡದಲ್ಲಿ ಬರೆದುಕೊಂಡವಳು ಉಚ್ಚರಿಸಿ ಕೆಡುವುದಿಲ್ಲ, ಇಂಗ್ಲಿಷಿನಲ್ಲೇ ಓದಿದವಳು ಕೆಡುತ್ತಾಳೆ.

ಆದರೆ ಪೆನ್ಸಿಲಿನಲ್ಲಿ ಬರೆದದ್ದು ಬಾಯಿಗೆ ಬರುವುದು ಬೇರೆ ಮಾತು. ‘ಹೆಪಟೈಟಿಸ್’ ಎನ್ನಲು ಹೋಗಿ ‘ಎಪಟೈಟಿಸ್’ ಎಂದಳು ಎಂದಿಟ್ಟುಕೊಳ್ಳಿ, ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ಒಂದು ನಗು. ಅಷ್ಟು ಸಾಕು, ಆ ಹುಡುಗಿ ವರ್ಷವಿಡೀ ಬಾಯಿ ಬಿಡುವುದಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಾಳೆ. ಉತ್ತರ ಗೊತ್ತಿರುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತಾಳೆ ಕೂಡ. ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಫೋನು ಮಾಡಿ ರೋಗಿಯ ಸ್ಥಿತಿ ಹೇಳಬೇಕಾದಾಗ ಬರೆದು ತೋರಿಸುವಂತಿಲ್ಲವಲ್ಲ. ಆಟ ಬೇಕಾದದ್ದು ಇಲ್ಲಿ. ನೆನಪಿಗಿಂತ ಹೆಚ್ಚಾಗಿ ನಾಲಿಗೆಗೆ. ಎಲ್ಲರೂ ಕಿರುಚುತ್ತಿರುವಾಗ ಒಬ್ಬಳು ಹಕಾರ ನುಂಗಿದ್ದು ಯಾರಿಗೂ ಕೇಳಿಸುವುದಿಲ್ಲ. ಇಪ್ಪತ್ತು ಸಲ ಕಿರುಚಿದ ಮೇಲೆ ಹಕಾರ ತಾನಾಗಿಯೇ ಬಂದು ಕೂತಿರುತ್ತದೆ.

ನೆನಪಿನ ವಿಷಯವೂ ಇದೆ, ಇಲ್ಲವೆನ್ನುವುದಿಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬಾತ 1885ರಲ್ಲಿ ನೆನಪು ಮತ್ತು ಮರೆವಿನ ಬಗ್ಗೆ ಪುಸ್ತಕ ಬರೆದ. ಅದಕ್ಕಾಗಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ಪಟ್ಟಿ ಪಟ್ಟಿಯಾಗಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟ. ಹೆಚ್ಚಿನದೆಲ್ಲ ಬೇಗನೆ ಹಾರಿಹೋಗುತ್ತದೆ, ಉಳಿದದ್ದು ನಿಧಾನಕ್ಕೆ ಕರಗುತ್ತದೆ ಎಂಬುದು ಅವನು ಕಂಡದ್ದು. ಮೊದಲ ತಿಂಗಳು ನಮ್ಮ ಮಕ್ಕಳಿಗೆ ಕೊಲಿಲಿಥಿಯಾಸಿಸ್ ಎಂಬುದು ಎಬಿಂಗ್‌ಹೌಸನ ಅಂಥದೇ ಒಂದು ಅಕ್ಷರಗುಚ್ಛ. ಬೆಳಿಗ್ಗೆ ಹೇಳಿಕೊಟ್ಟದ್ದು ಸಂಜೆ ಹಾಸ್ಟೆಲಿನ ಚಪಾತಿಯ ಜೊತೆ ಮಾಯ. ಮತ್ತೆ ಮತ್ತೆ ಓದಿಸುವುದೇ ಇದಕ್ಕೆ ಮದ್ದು ಎಂದು ನಾವೆಲ್ಲ ನಂಬಿದ್ದೆವು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆಯೇ ಕಂಡಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವ ಅಭ್ಯಾಸ ಮಾಡಿದವರು ಮುಂದು. ತಮಾಷೆಯೆಂದರೆ, ತಮಗೆ ಚೆನ್ನಾಗಿ ಬರುತ್ತದೆ ಎಂಬ ಧೈರ್ಯ ಹೆಚ್ಚಿದ್ದದ್ದು ಸುಮ್ಮನೆ ಓದಿದವರಿಗೇ. ತಂಬೋಲದಲ್ಲಿ ಅರ್ಥ ಕೇಳಿ ಪದ ಹುಡುಕುವಾಗ ಆಗುವುದೂ ಈ ಹೊರತೆಗೆಯುವ ಕೆಲಸವೇ. ಇದನ್ನೇ ಕಿರುಪರೀಕ್ಷೆ ಎಂದು ಕರೆದು ಮಾಡಿದರೆ ಮಕ್ಕಳಿಗೆ ಜ್ವರ ಬರುತ್ತದೆ. ತಂಬೋಲ ಎಂದರೆ ಊಟ ಬಿಟ್ಟು ಬರುತ್ತಾರೆ.

ನನ್ನ ಮಟ್ಟಿಗೆ ನಿಜವಾದ ಆಟ ಶುರುವಾಗುವುದು ಪದಗಳನ್ನು ಒಡೆಯುವಲ್ಲಿ. ಈ ಗ್ರೀಕ್ ಲ್ಯಾಟಿನ್ ಪದಗಳು ಹೊರಗಿನಿಂದ ನೋಡಲು ಬೆಟ್ಟದಂತಿದ್ದರೂ ಒಳಗೆ ಪ್ರಕೃತಿ, ಪ್ರತ್ಯಯ ಅಷ್ಟೇ. ಕನ್ನಡ ಮೇಷ್ಟರ ಕೈಯಲ್ಲಿ ಪೆಟ್ಟು ತಿಂದು ಸಂಧಿ ಸಮಾಸ ಕಲಿತು ಬಂದವರಿಗೆ ಇದು ಹೊಸದಲ್ಲ. ಗ್ಯಾಸ್ಟ್ರ್ ಎಂದರೆ ಜಠರ. ಐಟಿಸ್ ಎಂದರೆ ಉರಿಯೂತ. ಸೇರಿದರೆ ಗ್ಯಾಸ್ಟ್ರೈಟಿಸ್. ಅದೇ ಸ್ಕೋಪಿ ಸೇರಿದರೆ ‘ಗ್ಯಾಸ್ಟ್ರ್‌ಸ್ಕೋಪಿ’ ಆಗಬೇಕಿತ್ತು, ಆದರೆ ನಡುವೆ ಒಂದು ‘ಒ’ ನುಸುಳಿ ಗ್ಯಾಸ್ಟ್ರೊಸ್ಕೋಪಿ ಆಗುತ್ತದೆ. ಯಾಕೆ ಎಂದು ಕೇಳಿದಾಗ ಚಾಮರಾಜನಗರದ ಕಡೆಯ ಹುಡುಗಿಯೊಬ್ಬಳು ಕೂತಲ್ಲಿಂದಲೇ, ‘ಆಗಮ ಸಂಧಿ ಮೇಡಂ’ ಎಂದಳು. ನಾನು ಸೀಮೆಸುಣ್ಣ ಕೆಳಗಿಟ್ಟೆ. ಮರ, ಅನ್ನು ಸೇರಿ ಮರವನ್ನು ಆಗುವಾಗ ನಮ್ಮಲ್ಲಿ ಎರಡು ಸ್ವರ ಎದುರಾಗಿ ನಡುವೆ ವಕಾರ ಬಂದು ನಿಲ್ಲುತ್ತದೆ. ಅಲ್ಲಿ ಎರಡು ವ್ಯಂಜನ ಎದುರಾದಾಗ ‘ಒ’ ಬಂದು ನಿಲ್ಲುತ್ತದೆ. ಐಟಿಸ್ ಸ್ವರದಿಂದಲೇ ಶುರುವಾಗುವುದರಿಂದ ಅಲ್ಲಿ ಆಗಮದ ಅಗತ್ಯವಿಲ್ಲ. ಎರಡು ಅಂಗಗಳ ಹೆಸರು ಜೊತೆಯಾದರೆ ಮಾತ್ರ ಸ್ವರ ಇದ್ದರೂ ‘ಒ’ ಬಿಡುವುದಿಲ್ಲ, ಗ್ಯಾಸ್ಟ್ರೊಎಂಟರೈಟಿಸ್ ಹಾಗೆ. ಇಷ್ಟು ಹೇಳಲು ಇಂಗ್ಲಿಷ್ ಪಠ್ಯಪುಸ್ತಕ ಎರಡು ಪುಟ ತಿನ್ನುತ್ತದೆ. ಇಂಗ್ಲಿಷ್ ಬಾರದೆಂದು ಮೂಲೆಯಲ್ಲಿ ಕೂರುವ ಹುಡುಗಿಗೆ ಅದು ಒಂದೇ ಮಾತಿನಲ್ಲಿ ಗೊತ್ತಿತ್ತು.

ಅಂದಿನಿಂದ ನಮ್ಮಲ್ಲಿ ಪದದ ಅಂತ್ಯಾಕ್ಷರಿ ಶುರುವಾಯಿತು. ಕೊನೆಯ ಅಕ್ಷರ ಹಿಡಿಯುವುದಲ್ಲ, ಹಿಂದಿನವರ ಪದದ ಒಂದು ತುಂಡನ್ನು ಹಿಡಿದು ಹೊಸ ಪದ ಕಟ್ಟುವುದು. ಗ್ಯಾಸ್ಟ್ರೈಟಿಸ್ ಎಂದರೆ ಮುಂದಿನವಳು ಗ್ಯಾಸ್ಟ್ರೊಸ್ಕೋಪಿ ಎನ್ನಬೇಕು, ಅವಳ ಸ್ಕೋಪಿ ಹಿಡಿದು ಕೊಲೊನೊಸ್ಕೋಪಿ, ಅದರ ಕರುಳು ಹಿಡಿದು ಕೊಲೈಟಿಸ್. ಹೀಗೆ ಸುತ್ತು ಹೊಡೆಯುತ್ತಾ ಹೋದಂತೆ ದಾರಿ ಮುಗಿದವರು ತಾವೇ ಪದ ಹುಟ್ಟಿಸತೊಡಗಿದರು. ಹುಟ್ಟಿಸಲಿ ಎಂದು ನಾನೂ ಬಿಟ್ಟೆ. ಪರೀಕ್ಷೆಯ ವಾರ ಹೊಟ್ಟೆ ಕೆಡುವುದು ಎಕ್ಸಾಮೈಟಿಸ್. ಹಾಸ್ಟೆಲಿನಲ್ಲಿ ವಾರಕ್ಕೆ ನಾಲ್ಕು ದಿನ ಒಂದೇ ತಿಂಡಿ ಮಾಡುವುದರಿಂದ ಬರುವುದು ಉಪ್ಪಿಟ್ಟೋಫೋಬಿಯಾ. ವಾರ್ಡನ್ ಬಂದು ಮೊಬೈಲು ಕಿತ್ತುಕೊಂಡರೆ ಮೊಬೈಲೆಕ್ಟಮಿ.

ಈ ಕೊನೆಯದರ ಮೇಲೆ ದೊಡ್ಡ ಜಗಳವೇ ಆಯಿತು. ಮೊಬೈಲೋಟಮಿ ಎನ್ನಬೇಕು ಎಂದು ಒಬ್ಬಳ ವಾದ. ಅಲ್ಲ, ಟಮಿ ಎಂದರೆ ಬರೀ ಕೊಯ್ಯುವುದು, ವಾರ್ಡನ್ ಮೊಬೈಲು ಬಿಚ್ಚಿ ಒಳಗೆ ನೋಡಿ ಮುಚ್ಚಿ ಕೊಟ್ಟರೆ ಮಾತ್ರ ಅದು ಮೊಬೈಲೋಟಮಿ ಎಂದು ಇನ್ನೊಬ್ಬಳು. ಹಾಗಾದರೆ ಮೊಬೈಲೋಸ್ಟಮಿ? ಅದಕ್ಕೊಂದು ತೂತು ಕೊರೆದು ಹಾಗೆಯೇ ತೆರೆದಿಟ್ಟರೆ. ಕೊಯ್ಯುವುದು, ಕೊಯ್ದು ತೆಗೆಯುವುದು, ಕೊಯ್ದು ಬಾಯಿ ಬಿಡಿಸಿ ಇಡುವುದು. ಟಮಿ, ಎಕ್ಟಮಿ, ಆಸ್ಟಮಿ ಎಂಬ ಈ ಮೂರನ್ನು ವರ್ಷಗಟ್ಟಲೆ ಓದಿದವರೂ ಕಲಸಿಕೊಳ್ಳುತ್ತಾರೆ. ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿ ಚೀಲ ಕಟ್ಟಿದ ಕೊಲೊಸ್ಟಮಿ ರೋಗಿಯನ್ನೂ ಕರುಳೇ ತೆಗೆಸಿಕೊಂಡ ಕೊಲೆಕ್ಟಮಿ ರೋಗಿಯನ್ನೂ ಒಂದೇ ಎಂದುಕೊಂಡರೆ ಆರೈಕೆಯೇ ತಲೆಕೆಳಗು. ಮೊಬೈಲಿನ ಮೇಲೆ ಶಸ್ತ್ರಚಿಕಿತ್ಸೆ ಮಾಡಿದವರು ಆ ತಪ್ಪು ಮಾಡಿದ್ದನ್ನು ನಾನು ನೋಡಿಲ್ಲ.

‘ಇಷ್ಟೊಂದು ಹೆಸರು ಯಾಕೆ ಮೇಡಂ, ಕಡಿಮೆ ಮಾಡಬಹುದಿತ್ತಲ್ವಾ?’ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಮಾಡಿದ್ದಾರೆ ತಾಯಿ, ಎನ್ನುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ದೇಹದ ಭಾಗಗಳಿಗೆ ಸುಮಾರು 50 ಸಾವಿರ ಹೆಸರುಗಳು ಓಡಾಡುತ್ತಿದ್ದವು. ಒಂದೇ ಮೂಳೆಗೆ ಒಬ್ಬೊಬ್ಬ ಪಂಡಿತನದು ಒಂದೊಂದು ಹೆಸರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಂಗರಚನಾ ವಿದ್ವಾಂಸರು ಕೂತು ಅದನ್ನು ಸುಮಾರು 5 ಸಾವಿರಕ್ಕೆ ಇಳಿಸಿದರು. ‘ಅವರೇ ಇನ್ನೊಂದು ದಿನ ಕೂತಿದ್ದರೆ 500ಕ್ಕೆ ಬರ್ತಿತ್ತು’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು.

ಎಲ್ಲ ಆಟವೂ ಒಳ್ಳೆಯದೇ ಎಂದು ನಾನು ಹೇಳಿದ ಹಾಗೆ ಆಗಬಾರದು. ಅಕ್ಷರಗಳ ಚೌಕದಲ್ಲಿ ಅಡಗಿರುವ ಪದ ಹುಡುಕಿ ಸುತ್ತು ಹಾಕುವ ಆಟವಿದೆಯಲ್ಲ, ಅದು ಕಣ್ಣಿಗೆ ಕಸರತ್ತು ಅಷ್ಟೇ, ಅರ್ಥ ಗೊತ್ತಿಲ್ಲದವನೂ ಗೆಲ್ಲುತ್ತಾನೆ. ಪದಬಂಧ ಪರವಾಗಿಲ್ಲ, ಆದರೆ ಮೌನದ ಆಟ, ನಾಲಿಗೆಗೆ ಕೆಲಸವಿಲ್ಲ. ಫೋನಿನಲ್ಲಿ ಆಡುವ ಕಹೂಟ್ ಮಕ್ಕಳಿಗೆ ಪ್ರಾಣ. ನೆಟ್‌ವರ್ಕ್ ಇದ್ದವರು ಗೆಲ್ಲುತ್ತಾರೆ, ಜಿಯೋ ಸಿಮ್ಮಿನವರಿಗೂ ಏರ್‌ಟೆಲ್ಲಿನವರಿಗೂ ಆಮೇಲೆ ಅರ್ಧ ಗಂಟೆ ವಾಗ್ವಾದ. ಚೌಕಾಬಾರ ಚೆನ್ನಾಗಿ ಒಗ್ಗಿತು. ಕವಡೆ ಹಾಕಿ ಕಾಯಿ ನಡೆಸಿ, ಗೀಟಿನ ಮನೆಗೆ ಬಂದಾಗ ಚೀಟಿ ಎತ್ತಿ ಪದ ಒಡೆದು ಹೇಳಿದರೆ ಅಲ್ಲೇ ಉಳಿಯಬಹುದು. ಇಲ್ಲವಾದರೆ ಕಾಯಿ ವಾಪಸು. ಹಣ್ಣಾಗುವ ಹೊತ್ತಿಗೆ ಇಪ್ಪತ್ತು ಮೂವತ್ತು ಪದ ದಾಟಿರುತ್ತಾರೆ. ಕೇರಳದ ಮಕ್ಕಳು ಒಂದೇ ವಾರದಲ್ಲಿ ಚೌಕಾಬಾರ ಕಲಿತು ನಮ್ಮವರನ್ನೇ ಸೋಲಿಸಿದರು. ಅದಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ, ಅವರಿಗೆ ಕವಡೆ ಚೆನ್ನಾಗಿ ಬೀಳುತ್ತಿತ್ತು.

ಆದರೆ ಆಟದ ಸ್ವಭಾವದಲ್ಲೇ ಒಂದು ತೊಡಕಿದೆ, ಅದು ವೇಗವನ್ನು ಮೆಚ್ಚುತ್ತದೆ. ಟಿಕೆಟ್ಟಿನ ಐದು ಪದ ಸಿಕ್ಕಿ ಜಲ್ದಿ ಫೈವ್ ಎಂದು ಮೊದಲು ಕೂಗಿದವರಿಗೆ ಬಹುಮಾನ. ವಾರ್ಡಿನಲ್ಲಿ ಈ ಜಲ್ದಿ ಜೀವ ತೆಗೆಯುತ್ತದೆ. ಹೈಪೊ, ಹೈಪರ್ ಎರಡೂ ಕಿವಿಗೆ ಅಣ್ಣ ತಮ್ಮಂದಿರಂತೆ ಕೇಳಿಸುತ್ತವೆ. ಹೈಪೊಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಇಳಿದಿದೆ, ಕೂಡಲೇ ಗ್ಲೂಕೋಸ್ ಬೇಕು. ಹೈಪರ್ ಎಂದರೆ ಏರಿದೆ, ಇನ್ಸುಲಿನ್ ಬೇಕಾಗಬಹುದು. ಒಂದಕ್ಕೆ ಇನ್ನೊಂದರ ಮದ್ದು ಕೊಟ್ಟರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಸಣ್ಣ ಕರುಳಿನ ಕೊನೆಯ ಭಾಗ ಇಲಿಯಮ್, ಸೊಂಟದ ಮೂಳೆಯೂ ಇಲಿಯಮ್. ಇಂಗ್ಲಿಷಿನಲ್ಲಿ ನಡುವಿನ ಒಂದು ಅಕ್ಷರ ಬೇರೆ, ನಮ್ಮ ಮಕ್ಕಳ ಪೆನ್ಸಿಲ್ ಬರಹದಲ್ಲಿ ಅದೂ ಇಲ್ಲ. ನುಂಗಲು ಕಷ್ಟವಾಗುವುದು ಡಿಸ್‌ಫೇಜಿಯಾ, ಮಾತು ಆಡಲು ಕಷ್ಟವಾಗುವುದು ಡಿಸ್‌ಫೇಸಿಯಾ. ಫೋನಿನಲ್ಲಿ ಕೇಳಿದರೆ ಬ್ರಹ್ಮನಿಗೂ ವ್ಯತ್ಯಾಸ ತಿಳಿಯದು.

ಚುಟುಕು ಬರಹಗಳ ಕಥೆ ಇನ್ನೂ ಮೋಜಿನದು. ಡಾಕ್ಟರ ಚೀಟಿಯಲ್ಲಿ ಓಡಿ ಎಂದಿದ್ದರೆ ದಿನಕ್ಕೊಮ್ಮೆ. ಕಣ್ಣಿನ ವಿಭಾಗಕ್ಕೆ ಹೋದರೆ ಅದೇ ಓಡಿ ಬಲಗಣ್ಣು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಲೇಬಾರದ ಚುಟುಕುಗಳ ಪಟ್ಟಿಯನ್ನು ಹೊರಡಿಸಿತು. ಯೂನಿಟ್ ಎನ್ನಲು ಬರೆಯುವ ‘ಯು’ ಅಕ್ಷರ ಅದರಲ್ಲಿದೆ. ಅವಸರದಲ್ಲಿ ಬರೆದ ‘ಯು’ ಬಾಯಿ ಮುಚ್ಚಿಕೊಂಡರೆ ಸೊನ್ನೆಯ ಹಾಗೆ ಕಾಣುತ್ತದೆ, 10 ಯೂನಿಟ್ ಇನ್ಸುಲಿನ್ 100 ಆಗುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಕೆಟ್ಟ ಕೈಬರಹದಲ್ಲಿ ಬರೆದು ತೋರಿಸಿ ಓದಿಸಿದರೆ ಕ್ಲಾಸಿನ ಅರ್ಧದಷ್ಟು ಮಂದಿ ನೂರು ಎಂದೇ ಓದುತ್ತಾರೆ.

ಹಾಗಾಗಿ ನಮ್ಮ ತಂಬೋಲಕ್ಕೆ ಊರಲ್ಲೆಲ್ಲೂ ಇಲ್ಲದ ಒಂದು ನಿಯಮ ಬಂತು. ಅನುಮಾನ ಬಂದವರು ಕೈಯೆತ್ತಿ ‘ಇನ್ನೊಮ್ಮೆ ಹೇಳಿ’ ಎಂದು ಕೇಳಿ, ಕೇಳಿದ್ದನ್ನು ತಿರುಗಿ ಒಪ್ಪಿಸಿದರೆ ಅವರಿಗೆ ಒಂದು ಅಂಕ. ಸರಿಯಾದ ಪದಕ್ಕೂ ಒಂದೇ ಅಂಕ, ಇದಕ್ಕೂ ಒಂದೇ. ಫೋನಿನಲ್ಲಿ ಔಷಧದ ಆದೇಶ ತೆಗೆದುಕೊಳ್ಳುವಾಗ ತಿರುಗಿ ಓದಿ ಹೇಳಬೇಕೆಂಬುದು ನಮ್ಮ ಕೆಲಸದ ಪದ್ಧತಿ. ಆದರೆ ದೊಡ್ಡವರನ್ನು ಇನ್ನೊಮ್ಮೆ ಕೇಳುವುದೆಂದರೆ ನಮ್ಮ ಹುಡುಗಿಯರಿಗೆ ಎದೆ ಝಲ್ಲೆನ್ನುತ್ತದೆ, ‘ಕಿವಿ ಕೇಳಲ್ವಾ?’ ಎಂದು ಗದರಿಸಿಕೊಂಡು ಬೆಳೆದವರು. ಮೊದಮೊದಲು ಯಾರೂ ಕೈಯೆತ್ತಲಿಲ್ಲ. ಸುಲಭದ ಅಂಕ ಎಂದು ಗೊತ್ತಾದ ಮೇಲೆ ಪ್ರತಿ ಪದಕ್ಕೂ ಎತ್ತತೊಡಗಿದರು. ಒಂದು ಸಾಲು ಮುಗಿಯಲು ಒಂದು ಪಿರಿಯಡ್ ಬೇಕಾಯಿತು. ಆಗಲಿ, ಮಿರ್ಚಿ ಆರಿಹೋದರೂ ಚಿಂತೆಯಿಲ್ಲ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಜ್ಜಿ ಆಟ. ಒಬ್ಬಳು ಅಜ್ಜಿ, ಒಬ್ಬಳು ನರ್ಸು, ಒಬ್ಬಳು ಡಾಕ್ಟರು. ಅಜ್ಜಿ ತನ್ನ ಊರಿನ ಮಾತಿನಲ್ಲಿ ಕಷ್ಟ ಹೇಳಿಕೊಳ್ಳಬೇಕು. ನರ್ಸು ಅದನ್ನು ಕೇಳಿ, ಬೇಕಾದ್ದನ್ನು ಕೇಳಿ ತಿಳಿದು, ಡಾಕ್ಟರಿಗೆ ವೈದ್ಯಕೀಯ ಪದದಲ್ಲಿ ವರದಿ ಮಾಡಬೇಕು. ಅಂಕ ಕಳೆಯುವ ನಿಯಮ ಎರಡೂ ಕಡೆ ಇದೆ. ಡಾಕ್ಟರ ಎದುರು ‘ಅದೇನೋ ದಮ್ಮು ಬರುತ್ತಂತೆ ಸರ್’ ಎಂದರೆ ಒಂದು ಅಂಕ ಹೋಯಿತು, ಡಿಸ್ಪ್ನಿಯಾ ಎನ್ನಬೇಕು. ಅಜ್ಜಿಯ ಎದುರು ಡಿಸ್ಪ್ನಿಯಾ ಎಂದರೆ ಎರಡು ಅಂಕ ಹೋಯಿತು. ಪದ ಕಲಿಯಲು ಪಟ್ಟ ಕಷ್ಟಕ್ಕೆ ಎಲ್ಲಾದರೂ ಅದನ್ನು ತೋರಿಸಬೇಕೆನ್ನುವುದು ಮನುಷ್ಯ ಸಹಜ. ಸಿಕ್ಕಿದ ಮೊದಲ ರೋಗಿಯ ಮೇಲೆಯೇ ಪ್ರಯೋಗಿಸುತ್ತೇವೆ. ನಾನು ಕಂಡ ಮಟ್ಟಿಗೆ, ಪದವನ್ನು ನಿಜಕ್ಕೂ ಅರಗಿಸಿಕೊಂಡವರು ರೋಗಿಯ ಮಂಚದ ಬಳಿ ಅದನ್ನು ಆಡುವುದೇ ಇಲ್ಲ.

ಈ ಆಟದಲ್ಲಿ ಕೇರಳದ ಮಕ್ಕಳು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ‘ಕೈಕಾಲು ಜೋಮು ಹಿಡೀತದೆ’ ಎನ್ನುವುದು ಅವರಿಗೆ ಗ್ರೀಕ್‌ಗಿಂತ ಕಷ್ಟ. ಪ್ಯಾರೆಸ್ತೀಸಿಯಾ ಗೊತ್ತು, ಜೋಮು ಗೊತ್ತಿಲ್ಲ! ನಮ್ಮವರಿಗೂ ಎಲ್ಲ ಗೊತ್ತಿರುತ್ತದೆಂದಲ್ಲ. ಉತ್ತರದ ಕಡೆಯ ಅಜ್ಜಿ ‘ಸಂಡಾಸ ಹತ್ಯಾವ’ ಎಂದರೆ ದಕ್ಷಿಣದ ನರ್ಸು ಆಕೆಗೆ ಶೌಚಾಲಯದ ದಾರಿ ತೋರಿಸುತ್ತಾಳೆ. ಅಜ್ಜಿ ಹೇಳಿದ್ದು ಭೇದಿ, ಡಯೇರಿಯಾ.

ಕಳೆದ ತಿಂಗಳು ಕೊಪ್ಪಳದ ಹುಡುಗಿ ಅಜ್ಜಿಯಾಗಿದ್ದಳು. ವರ್ಷವಿಡೀ ಬಾಯಿ ಬಿಡದವರ ಗುಂಪಿಗೆ ಸೇರಿದವಳು. ವೇಲನ್ನು ತಲೆಗೆ ಸೆರಗಿನಂತೆ ಹೊದ್ದು, ಸೊಂಟದ ಮೇಲೆ ಕೈಯಿಟ್ಟು, ಬೆಂಚಿನ ಮೇಲೆ ಕಾಲು ಮಡಚಿ ಕೂತಳು.

‘ಎದಿ ಉರಿಯಾಕತ್ತೈತವ್ವಾ, ರಾತ್ರಿಯಿಂದ ಒಂದ್ ಸವನ.’

ನರ್ಸಾಗಿದ್ದವಳು ನಮ್ಮ ತರಗತಿಯ ಜಾಣೆ, ಪರೀಕ್ಷೆಯಲ್ಲಿ ಯಾವಾಗಲೂ ಮೊದಲು. ‘ರೇಡಿಯೇಟಿಂಗ್ ಪೇನ್ ಇದೆಯಾ ಅಜ್ಜಿ?’ ಎಂದು ಕೇಳಿದಳು.

‘ರೇಡಿಯೋ ಕೆಟ್ಟು ಭಾಳ ದಿನಾ ಆತವ್ವಾ. ಈಗ ಟೀವಿನ ನೋಡ್ತೀನಿ.’

ತರಗತಿ ಬಿದ್ದು ಬಿದ್ದು ನಕ್ಕಿತು. ಅಂಕ ಬರೆಯುವವಳು ಎರಡು ಕಳೆದಳು. ಜಾಣೆಯ ಮುಖ ಕೆಂಪಾಯಿತು, ಆದರೆ ಬಿಡಲಿಲ್ಲ. ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ‘ಅಜ್ಜಿ, ಉರಿ ಎದೇಲೇ ಇರುತ್ತಾ, ಇಲ್ಲ ಎಡಗೈಗೆ, ದವಡೆಗೆ, ಬೆನ್ನಿಗೆ ಎಲ್ಲಾದ್ರೂ ಹರಿಯುತ್ತಾ? ಮೈ ಬೆವರುತ್ತಾ?’ ಎಂದಳು. ಎದೆ ಉರಿ ಎಂದು ಬಂದದ್ದು ಬರೀ ಆಮ್ಲದ ಉರಿಯೋ ಹೃದಯಾಘಾತವೋ ಎಂದು ಅನುಮಾನಿಸಲು ಮೊದಲು ಕೇಳಬೇಕಾದ್ದು ಇದನ್ನೇ. ಅಜ್ಜಿ ತನ್ನ ಪಾತ್ರ ಮರೆಯಲಿಲ್ಲ. ‘ಹೌದವ್ವಾ, ಕೈ ಜಗ್ಗತೈತಿ. ಬೆವರು ನೋಡಿಲ್ಲಿ’ ಎಂದು ವೇಲಿನಿಂದ ಹಣೆ ಒರೆಸಿಕೊಂಡಳು. ಜಾಣೆ ಎದ್ದು ಡಾಕ್ಟರ ಕಡೆ ತಿರುಗಿ, ಚೆಸ್ಟ್ ಪೇನ್, ಎಡತೋಳಿಗೆ ರೇಡಿಯೇಟ್ ಆಗ್ತಿದೆ, ಡಯಾಫೊರೆಸಿಸ್ ಇದೆ, ಇಸಿಜಿ ತೆಗೆಯಬೇಕು ಸರ್ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಡಾಕ್ಟರಾಗಿದ್ದವಳು ಗತ್ತಿನಿಂದ, ‘ಇನ್ನೊಮ್ಮೆ ಹೇಳಿ ಸಿಸ್ಟರ್’ ಎಂದಳು.

ಡಾಕ್ಟರಿಗೂ ‘ಇನ್ನೊಮ್ಮೆ ಹೇಳಿ’ ಎಂದದ್ದಕ್ಕೆ ಅಂಕ ಕೊಡಬೇಕೋ ಬೇಡವೋ ಎಂದು ಶುರುವಾದ ಜಗಳ ಬೆಲ್ ಹೊಡೆದ ಮೇಲೂ ನಡೆಯಿತು. ಆ ಹುಡುಗಿ ಕೇಳಿದ್ದನ್ನು ತಿರುಗಿ ಒಪ್ಪಿಸಲಿಲ್ಲ, ಹಾಗಾಗಿ ಅಂಕವಿಲ್ಲ ಎಂದು ಅಜ್ಜಿ ಬೆಂಚಿನ ಮೇಲೆ ನಿಂತು ತೀರ್ಪು ಕೊಟ್ಟಳು.